ಕೂಸು ಹೆಸರಿಲ್ಲದೆ ಕಾದಿತ್ತು

ನನಗೆ ಎಲ್ಲೂ ನೋಯುತ್ತಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಅದನ್ನೇ. ಜ್ವರ ಬಂದಿತ್ತೇ, ಕಾಲು ಬಾತಿದ್ದವೇ, ಮುಖ ಊದಿತ್ತೇ? ಏನೂ ಇಲ್ಲ. ಹಸಿವು ಚೆನ್ನಾಗಿತ್ತು. ನಿದ್ದೆ ಬರುತ್ತಿತ್ತು. ಮೂತ್ರ ಸರಾಗವಾಗಿ ಹೋಗುತ್ತಿತ್ತು. ಈ ಕೊನೆಯ ಮಾತಿನ ಸುಖ ಡಯಾಲಿಸಿಸ್ ಮಂಚದ ಮೇಲೆ ಮಲಗಿದವರಿಗೆ ಮಾತ್ರ ಗೊತ್ತು. ಒಂದು ಲೋಟ ನೀರು ಹೆಚ್ಚು ಕುಡಿಯಲು ಹೆದರಿ ವರ್ಷಗಟ್ಟಲೆ ಬಾಯಿ ಒಣಗಿಸಿಕೊಂಡವಳು ನಾನು. ತಮ್ಮ ಬಸವರಾಜನ ಕಿಡ್ನಿ ನನ್ನ ಕಿಬ್ಬೊಟ್ಟೆಯ ಬಲಗಡೆ ಬಂದು ಕೂತ ಮೇಲೆ ಬಚ್ಚಲಿಗೆ ಹೋಗಿ ಬರುವುದೇ ನನಗೊಂದು ಹಬ್ಬವಾಗಿತ್ತು. "ಎಷ್ಟ ಸಲಾ ಹೋಗ್ತಿಯವ್ವಾ, ಬಾಗಲಾ ಸವದು ಹೋಗತೈತಿ" ಎಂದು ಅವ್ವ ಬೈಯುತ್ತಿದ್ದಳು. ಸವೆಯಲಿ ಬಿಡು ಎನ್ನುತ್ತಿದ್ದೆ.

ಆ ಬೆಳಿಗ್ಗೆ ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ನಮ್ಮ ಮನೆ ಬೈರಿದೇವರಕೊಪ್ಪದಲ್ಲಿ. ಮುಂದಿನ ಕೋಣೆಯೇ ನನ್ನ ಅಂಗಡಿ, ಓಣಿಯ ಹೆಂಗಸರ ಜಂಪರು ಹೊಲಿಯುವುದು ನನ್ನ ಕೆಲಸ. ಆದರೆ ಅಂದು ಕೈಯಲ್ಲಿದ್ದದ್ದು ಜಂಪರಲ್ಲ, ಕುಂಚಿಗೆ. ಕೂಸಿನ ತಲೆಗೆ ಟೊಪ್ಪಿಗೆ, ಬೆನ್ನ ಮೇಲೆ ಇಳಿಬಿದ್ದ ರೇಷ್ಮೆಯ ತುಂಡು, ಎರಡೂ ಒಂದೇ ಆಗಿ ಹೊಲಿಯುವ ಉಡುಪು ಅದು. ಬಸೂನ ಹೆಂಡತಿ ರೇಣುಕಾ ಧಾರವಾಡದ ತನ್ನ ತವರಿನಲ್ಲಿ ಹೆಣ್ಣು ಹೆತ್ತಿದ್ದಳು. ಬರುವ ಸೋಮವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಹೆಸರಿಡಬೇಕಾದವಳು ಸೋದರತ್ತೆ, ಅಂದರೆ ಕೂಸಿನ ತಂದೆಯ ಅಕ್ಕತಂಗಿ. ಬಸೂಗೆ ಇರುವವಳು ನಾನೊಬ್ಬಳೇ.

ಮದುವೆ ಆಗಲಿಲ್ಲ ನನಗೆ. ಇಪ್ಪತ್ತರ ಆಚೀಚೆಯಲ್ಲೇ ಕಿಡ್ನಿ ಕೈಕೊಡಲು ಶುರುಮಾಡಿದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ಅದಕ್ಕೆ ಈಗ ಅಳುವುದೇನಿಲ್ಲ. ಆದರೆ ಅತ್ತೆ ಅನ್ನಿಸಿಕೊಳ್ಳುವ ಆಸೆ ಮಾತ್ರ ನನ್ನೊಳಗೆ ಹುಚ್ಚಿನ ಹಾಗೆ ಬೆಳೆದಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಬಾಗಿಲಾಚೆ ನಿಂತು, ಮಾಸ್ಕ್ ಹಾಕಿಕೊಂಡು, ಆ ಕೂಸಿನ ಹಣೆಯ ಇಷ್ಟೇ ಇಷ್ಟು ನೋಡಿ ಬಂದಿದ್ದೆ. ಎತ್ತಿಕೊಂಡಿರಲಿಲ್ಲ. ಸೋಮವಾರ ಎತ್ತಿಕೊಳ್ಳುತ್ತೇನೆ ಎಂದು ಮೈಯೆಲ್ಲ ಕಾಯುತ್ತಿತ್ತು.

ಲ್ಯಾಬಿನವರು ಫೋನಿಗೆ ರಿಪೋರ್ಟ್ ಕಳಿಸಿದರು. ತಿಂಗಳ ಮಾಮೂಲಿ ರಕ್ತ ಪರೀಕ್ಷೆ. ನೋಡಿ ಪಕ್ಕಕ್ಕಿಡುವ ರೂಢಿ. ದಾರ ಪೋಣಿಸುತ್ತಲೇ ನೋಡಿದೆ.

ಕ್ರಿಯಾಟಿನಿನ್ ಏರಿತ್ತು. ಅದು ಏರಿತೆಂದರೆ ಕಿಡ್ನಿ ಸೋಲುತ್ತಿದೆ ಎಂದರ್ಥ.

ಲ್ಯಾಬಿನವರದೇ ತಪ್ಪಿರಬೇಕು ಎಂದು ಇನ್ನೊಂದು ಕಡೆ ರಕ್ತ ಕೊಟ್ಟೆ. ಅಲ್ಲಿ ಇನ್ನೂ ತುಸು ಜಾಸ್ತಿ ಬಂತು. ಬಸೂಗೆ ಫೋನ್ ಮಾಡಿದೆ. ಅವನು ಧಾರವಾಡದ ಹತ್ತಿರ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ. ನನ್ನ ಫೋನ್ ಎತ್ತಿದರೆ ಅವನದು ಯಾವಾಗಲೂ ಒಂದೇ ಚೇಷ್ಟೆ: "ಏನಕ್ಕಾ, ನನ್ನ ಕಿಡ್ನಿಗೆ ನೀರು ಕುಡಿಸಿದಿ ಇಲ್ಲೋ?" ಅಂದೂ ಹಾಗೆಯೇ ಕೇಳಿದ. ಅವನ ಹಿಂದಿನ ಯಂತ್ರಗಳ ಸದ್ದಿನ ಮೇಲೆ ದನಿ ಏರಿಸಿ "ಕ್ರಿಯಾಟಿನಿನ್ ಏರೇತೋ" ಎಂದೆ.

"ಹೊಂಟೆ, ಬಂದಬಿಟ್ಟೆ" ಎಂದು ಫೋನ್ ಇಟ್ಟ.

ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿದರು. ಹೊಟ್ಟೆಯ ಮುಂಭಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ನೋಡುತ್ತ, ಸೂಜಿಯಿಂದ ಕಿಡ್ನಿಯ ಚೂರೊಂದನ್ನು ತೆಗೆದರು. ಟಕ್ ಎಂದು ಸದ್ದಾಯಿತು. ಬಸೂನ ಕಿಡ್ನಿಗೆ ಚುಚ್ಚಿದರಲ್ಲ ಎಂದು ನನಗಿಂತ ಅವನ ನೋವೇ ನೆನಪಾಯಿತು, ಹುಚ್ಚು ಯೋಚನೆ. ಸೋಮವಾರದ ತೊಟ್ಟಿಲು ಮುಂದಕ್ಕೆ ಹೋಯಿತು. ಮುಂದಿನ ವಾರ ಮಾಡಿದರಾಯಿತು ಎಂದು ಎಲ್ಲರೂ ಹಗುರಾಗಿಯೇ ಅಂದರು.

ನಮ್ಮ ಡಾಕ್ಟರು ನಗುನಗುತ್ತ ಮಾತಾಡುವ ಮನುಷ್ಯ. ರಿಪೋರ್ಟ್ ಬಂದ ದಿನ ನಗಲಿಲ್ಲ. ಕುರ್ಚಿಯನ್ನು ನಮ್ಮ ಕಡೆ ಸರಿಸಿಕೊಂಡರು. ಡಾಕ್ಟರು ಕುರ್ಚಿ ಸರಿಸಿಕೊಂಡರೆ ಸುದ್ದಿ ಛಲೋ ಇರುವುದಿಲ್ಲ, ಅಷ್ಟು ನಾನು ಕಲಿತಿದ್ದೇನೆ.

"ಬಿಕೆ ವೈರಸ್ ಅಂತ ಐತ್ರಿ. ಇದು ಹೊಸಾದಲ್ಲ. ಸಣ್ಣವರಿದ್ದಾಗs ಬಹಳ ಮಂದಿಗೆ ಬಂದಿರತೈತಿ. ಬಂದು ಕಿಡ್ನಿಯಾಗ ಸುಮ್ಮನ ಮಲಗಿರತೈತಿ. ನಾವು ನಿಮಗ ಕಿಡ್ನಿ ಹಾಕಿದ ಮ್ಯಾಲೆ, ಮೈ ಅದನ್ನ ಒದ್ದು ಹೊರಗ ಹಾಕಬಾರದು ಅಂತ ಗುಳಿಗಿ ಕೊಟ್ಟು ಮೈಯ ಕಾವಲಾ ಇಳಿಸೇವಲ್ಲ, ಅದನ್ನ ನೋಡಿ ಇದು ಎದ್ದ ಕುಂತೈತಿ. ಕಿಡ್ನೀನ ತಿನ್ನಾಕತ್ತೈತಿ."

"ಔಷಧ ಕೊಡ್ರಿ" ಎಂದೆ. ನನ್ನ ದನಿ ಒರಟಾಗಿತ್ತು.

"ಇದಕ್ಕಂತ ಖಾತ್ರಿ ಔಷಧ ಇಲ್ರಿ. ಗುಳಿಗಿ ಕಡಿಮಿ ಮಾಡೂದು ಅಷ್ಟ. ಕಾವಲು ತುಸು ಎಚ್ಚರಾದ್ರ ವೈರಸ್ ಇಳೀತೈತಿ."

"ಮತ್ತ ಮೈ ಕಿಡ್ನೀನ ಒದ್ರ?"

"ಅದರ ಹೆದರಿಕಿನೂ ಐತಿ. ಭಾಳ ಹುಷಾರಿಲೆ ಇಳಿಸೋಣು."

ಬಸು ನನ್ನ ಪಕ್ಕದಲ್ಲೇ ಕೂತಿದ್ದ. ತಲೆಯೆತ್ತಿ ಕೇಳಿದ: "ಡಾಕ್ಟರ್, ಅದು ನನ್ನ ಕಿಡ್ನಿಯಾಗಿಂದ ಬಂತೇನ್ರಿ?"

ಡಾಕ್ಟರು ಸುಳ್ಳು ಹೇಳಲಿಲ್ಲ. ಇರಬಹುದು, ಇರಲಿಕ್ಕಿಲ್ಲ, ಹೇಳಲಾಗುವುದಿಲ್ಲ, ಯಾರ ತಪ್ಪೂ ಅಲ್ಲ ಎಂದರು. ಆದರೆ ತಮ್ಮನ ಕಿವಿಗೆ ಬಿದ್ದದ್ದು ಮೊದಲನೆಯ ಮಾತೊಂದೇ. ಹೊರಗೆ ಬಂದು, ಗಾಡಿ ನಿಲ್ಲಿಸಿದ ಬೇವಿನ ಗಿಡದ ಕೆಳಗೆ ನಿಂತು, "ಕೊಡೂದು ಕೊಟ್ಟೆ, ಜೋಡಿ ಕಳ್ಳನ್ನೂ ಕಳಿಸಿದೆ ನೋಡಕ್ಕಾ" ಎಂದ. ಮೂವತ್ತು ದಾಟಿದ ಗಂಡಸು, ಮೂಗು ಒರೆಸಿಕೊಂಡ. ನಾನು ಅವನ ತಲೆಗೊಂದು ಮೊಟಕಿದೆ. "ಬಾಯಿ ಮುಚ್ಚು. ನೀ ಕೊಟ್ಟಿದ್ದಕ್ಕ ನಾ ಇವತ್ತು ನಿಂತೇನಿ" ಎಂದೆ. ಹೇಳಿದ್ದು ಸತ್ಯ. ಆದರೂ ಗಾಡಿಯ ಹಿಂದೆ ಕೂತು ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಬಿಕೆ ಎಂದರೆ ಮೊದಲ ಸಲ ಈ ವೈರಸ್ಸು ಸಿಕ್ಕ ರೋಗಿಯ ಹೆಸರಿನ ಅಕ್ಷರಗಳಂತೆ, ಡಾಕ್ಟರೇ ಹೇಳಿದ್ದರು. ಯಾವ ದೇಶದ ಯಾವ ತಾಯಿಯ ಮಗನೋ. ರೋಗಕ್ಕೂ ಒಂದು ಹೆಸರಾಯಿತು, ನಮ್ಮ ಕೂಸಿಗೆ ಇನ್ನೂ ಇಲ್ಲ ಎಂದುಕೊಂಡೆ.

ಇನ್ನು ಅವ್ವನ ಹೋಳಿಗೆಯ ಕತೆ ಹೇಳಬೇಕು.

ನನ್ನ ಗುಳಿಗೆಗಳ ಡಬ್ಬಿ ತುಂಬುವವಳು ಅವ್ವ. ಅವಳಿಗೆ ಓದು ಬಾರದು. ಬಣ್ಣ, ಗಾತ್ರ ನೋಡಿಯೇ ಒಂದೂ ತಪ್ಪದೆ ಹಾಕುತ್ತಾಳೆ. ಅಂದು ಬಸು ಅವಳ ಕೈಗೆ ಚೀಟಿ ಕೊಟ್ಟು, ಅವಳು ಗಾಬರಿಯಾಗಬಾರದು ಎಂದು ಅಷ್ಟೇ ಹೇಳಿದನಂತೆ: "ಗುಳಿಗಿ ಕಡಿಮಿ ಮಾಡ್ಯಾರ ಅವ್ವಾ. ನ್ಯಾರಳಿ ಬಣ್ಣದ ದೊಡ್ಡ ಗುಳಿಗಿ ಅರ್ಧಕ್ಕರ್ಧ ತಗದಾರ." ಹೇಳಿ ಕಾರ್ಖಾನೆಗೆ ಹೋದ. ನಾನು ದಣಿದು ಮಲಗಿಬಿಟ್ಟೆ.

ಎಚ್ಚರವಾದದ್ದು ಹೂರಣದ ವಾಸನೆಗೆ. ಬೆಲ್ಲ, ಏಲಕ್ಕಿ. ಹಬ್ಬ ಯಾವುದೂ ಇರಲಿಲ್ಲ. ಎದ್ದು ಅಡುಗೆಮನೆಗೆ ಹೋದರೆ ಅವ್ವ ಬೆವರುತ್ತ ಹೋಳಿಗೆ ಬೇಯಿಸುತ್ತಿದ್ದಾಳೆ, ಮುಖದ ತುಂಬ ನಗು. ದೇವರ ಮುಂದೆ ದೀಪ. ಪಕ್ಕದ ಮನೆಗಳಿಗೆ ಆಗಲೇ ಹೋಳಿಗೆ ಹೋಗಿದ್ದವು.

"ಏನವ್ವಾ ಇದು?"

"ಗುಳಿಗಿ ಕಡಿಮಿ ಆದುವಲ್ಲ ಗಿರಿಜಾ! ಇಷ್ಟ ದಿನಾ ಮುಕ್ಕೀದಿ, ಇನ್ನ ಒಂದೊಂದ ಬಂದ್ ಮಾಡತಾರ ನೋಡು. ಧಾರವಾಡಕ್ಕೂ ಫೋನ್ ಹಚ್ಚಿ ಹೇಳೇನಿ. ಬರೂ ಶುಕ್ರವಾರ ತೊಟ್ಟಲಾ ಹಾಕೋಣು ಅಂದೇನಿ. ಅವರೂ ಹೂಂ ಅಂದ್ರು."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಅವ್ವನನ್ನು ಹೇಗೆ ಬೈಯುವುದು? ನಮ್ಮಲ್ಲಿ ಯಾರನ್ನಾದರೂ ಕೇಳಿ. ಬಿಪಿಯವರಿರಲಿ, ಟಿಬಿಯವರಿರಲಿ, ಗುಳಿಗೆ ಕಡಿಮೆಯಾಯಿತು ಎಂದರೆ ಮನುಷ್ಯ ಆರಾಮಾದ ಎಂದೇ ಅರ್ಥ. ಡಾಕ್ಟರು ಗುಳಿಗೆ ಹೆಚ್ಚಿಸಿದರೆ ಎದೆ ಹೊಡೆದುಕೊಳ್ಳುತ್ತೇವೆ, ಇಳಿಸಿದರೆ ಸಕ್ಕರೆ ಹಂಚುತ್ತೇವೆ. ರೋಗ ಜೋರಾಗಿದೆ, ಅದಕ್ಕೇ ಗುಳಿಗೆ ಇಳಿಸಿದ್ದಾರೆ ಎಂಬ ಮಾತನ್ನು ಯಾವ ತಾಯಿ ನಂಬುತ್ತಾಳೆ?

ಒಲೆ ಆರಿಸಿ, ಅವಳನ್ನು ಮಣೆಯ ಮೇಲೆ ಕೂರಿಸಿ ಹೇಳಿದೆ. ಒಳಗೆ ಮಲಗಿದ್ದು ಎದ್ದು ಕೂತಿದೆ ಎಂದು ಹೇಳಿದೆ. ಅದನ್ನು ಇಳಿಸಲು ಹೋದರೆ ಬಸೂನ ಕಿಡ್ನಿಯನ್ನು ನನ್ನ ಮೈಯೇ ಕೊಲ್ಲಬಹುದು, ಇಳಿಸದಿದ್ದರೆ ಅದೇ ಕೊಲ್ಲುತ್ತದೆ ಎಂದೂ ಹೇಳಿದೆ. ಅವ್ವ ಬಹಳ ಹೊತ್ತು ತನ್ನ ಅಂಗೈಗೆ ಅಂಟಿದ ಕಣಕವನ್ನು ತಿಕ್ಕಿ ತಿಕ್ಕಿ ತೆಗೆಯುತ್ತಿದ್ದಳು.

"ಹಂಗಾರ ಮತ್ತ ಡಯಾಲಿಸಿಸ್ ಏನು?" ಎಂದಳು ಕೊನೆಗೆ.

"ಗೊತ್ತಿಲ್ಲವ್ವಾ."

"ನಾ ಓಣಿಗೆಲ್ಲಾ ಹೋಳಿಗಿ ಕೊಟ್ಟ ಬಂದೆನಲ್ಲ ಯವ್ವಾ."

ಆಗ ನನಗೆ ನಗು ಬಂತು. ಅವಳಿಗೂ ಬಂತು. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಅತ್ತು ಮುಗಿದ ಮೇಲೆ ಹೋಳಿಗೆ ತಿಂದೆವು, ಹಸಿವಾಗಿತ್ತು.

ಧಾರವಾಡಕ್ಕೆ ಮತ್ತೆ ಫೋನ್ ಮಾಡಬೇಕಾಯಿತು. ರೇಣುಕಾಳ ತಾಯಿ ಒಳ್ಳೆಯ ಹೆಂಗಸು, ನನಗೆ ಸಿಟ್ಟಿಲ್ಲ. ಆದರೆ ಕೊರೋನಾ ಕಂಡ ಯಾರಿಗೇ ಆಗಲಿ ವೈರಸ್ ಎಂಬ ಶಬ್ದ ಕೇಳಿದರೆ ಸಾಕು. "ವೈರಸ್ ಅಂತೀರಿ, ಕೂಸಿಗೆ ಹತ್ತೂದಿಲ್ಲೇನ್ರಿ ಬೀಗರ?" ಎಂದು ಅವ್ವನನ್ನು ಕೇಳಿದರು. ಫೋನಿನ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ನಾನು ಎತ್ತಿಕೊಳ್ಳಬೇಕೆಂದು ಹಂಬಲಿಸುವ ಕೂಸಿಗೆ ನಾನೇ ವಿಷವೇ?

ಡಾಕ್ಟರನ್ನು ಕೇಳಿದಾಗ, ಆ ಸುದ್ದಿ ಹೇಳಿದ ಮೇಲೆ ಮೊದಲ ಸಲ ನಕ್ಕರು. "ಉಲ್ಟಾ ಐತ್ರಿ. ಕೂಸಿಂದ ನಿಮಗ ಹೆದರಿಕಿ, ನಿಮ್ಮಿಂದ ಕೂಸಿಗಲ್ಲ. ಕೂಸಿಗೆ ಪೋಲಿಯೋ ಡ್ರಾಪ್ಸ್ ಹಾಕಿಸಿದ ಮ್ಯಾಲೆ ಕೆಲವು ವಾರ ಅದರ ಬಟ್ಟಿ ಮುಟ್ಟಬ್ಯಾಡ್ರಿ, ಕೈ ತೊಳಕೋರಿ. ಈಗಂತೂ ದೂರs ಇರ್ರಿ. ಕೆಮ್ಮು, ನೆಗಡಿ, ಮಂದಿ, ಯಾವದೂ ಬ್ಯಾಡ. ರಿಪೋರ್ಟ್ ಇಳೀಲಿ." ಇದನ್ನು ಬಸು ಅತ್ತೆಮನೆಗೆ ಹೇಳಿದ. ಅವರು ಹೂಂ ಅಂದರು. ಅರ್ಧ ನಂಬಿರಬೇಕು.

ಆಗಲೇ ಇನ್ನೊಂದು ಮಾತು ಬಂತು. ನಮ್ಮ ಚಿಕ್ಕಪ್ಪನ ಮಗಳು ಬೆಂಗೇರಿಯಲ್ಲಿದ್ದಾಳೆ, ಅವಳೂ ಕೂಸಿಗೆ ಅತ್ತೆಯೇ ಆಗಬೇಕು, ಅವಳಿಂದ ಹೆಸರಿಡಿಸಿಬಿಡೋಣ ಎಂದರು ಧಾರವಾಡದವರು. ನ್ಯಾಯವಾದ ಮಾತು. ಕೂಸನ್ನು ಎಷ್ಟು ದಿನ ಹಾಗೇ ಬಿಡುವುದು? ನಾನೇ ಬಸೂಗೆ ಹೇಳಿದೆ, ಆಕಿ ಇಡಲಿ ಬಿಡೋ ಎಂದು. ಬಾಯಿ ಅಷ್ಟು ಹೇಳಿತು. ಒಳಗಿನ ಜೀವ ಬೇರೆ ಹೇಳುತ್ತಿತ್ತು, ಬೇಡ, ಯಾರೂ ಇಡಬೇಡಿ, ನನ್ನನ್ನು ಕಾಯಿರಿ ಎಂದು. ಅದು ಕೆಟ್ಟ ಆಸೆಯೋ ಒಳ್ಳೆಯ ಆಸೆಯೋ ನನಗೆ ತಿಳಿಯದು. ಇತ್ತು, ಅಷ್ಟೇ.

ಬಸು ಊಟದ ತಟ್ಟೆಯಿಂದ ತಲೆಯೆತ್ತದೆ ಅಂದ: "ಅಕ್ಕ ಇಡಬೇಕು. ಇಲ್ಲಂದ್ರ ಈಗs ಬ್ಯಾಡ."

"ರೇಣುಕಾ ಏನಂತಾಳ?"

"ಆಕಿ ಏನೂ ಅಂದಿಲ್ಲ."

ರೇಣುಕಾ ಎಂದಾದರೂ ಏನಾದರೂ ಅಂದಿದ್ದುಂಟೇ! ಮಾತು ಕಡಿಮೆ ಆ ಹುಡುಗಿಗೆ. ಬಸು ಕಿಡ್ನಿ ಕೊಡಲು ಮುಂದೆ ಬಂದಾಗ ಅವರ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಆಸ್ಪತ್ರೆಯ ಒಂದು ಕೋಣೆಯಲ್ಲಿ ದೊಡ್ಡ ಡಾಕ್ಟರುಗಳೆಲ್ಲ ಕೂತು ಅವಳನ್ನು ಕೇಳಿದ್ದರು: ನಿಮ್ಮ ಗಂಡನ ಕಿಡ್ನಿ ಅವರ ಅಕ್ಕನಿಗೆ ಕೊಡುವುದು ನಿಮಗೆ ಒಪ್ಪಿಗೆಯೇ? ನಾನು ಪಕ್ಕದಲ್ಲೇ ಇದ್ದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ "ಹೂಂರಿ" ಅಂದಳು. ಅಷ್ಟೇ. ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಈಗ ಅವಳು ಕೊಟ್ಟ ಆ ಹೂಂ ನನ್ನೊಳಗೆ ಹಾಳಾಗುತ್ತಿದೆ, ಮೇಲಿಂದ ಅವಳ ಕೂಸು ನನಗಾಗಿ ಹೆಸರಿಲ್ಲದೆ ಕಾಯುತ್ತಿದೆ. ಹಗಲೆಲ್ಲ ನನಗೆ ಅದೇ ಯೋಚನೆ. ಕಿಡ್ನಿ ಹೋದರೆ ಮತ್ತೆ ಡಯಾಲಿಸಿಸ್, ಅದನ್ನು ತಡೆದೇನು. ರೇಣುಕಾಳ ಮುಖ ಹೇಗೆ ನೋಡುವುದು?

ಕೂಸನ್ನು ಎಲ್ಲರೂ ಗುಂಡಿ ಎನ್ನತೊಡಗಿದರು. ದುಂಡಗಿತ್ತು, ಅದಕ್ಕೆ. ಸಂಜೆ ರೇಣುಕಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಮಾತಿಲ್ಲ. ಫೋನನ್ನು ಕೂಸಿನ ಮುಂದೆ ಹಿಡಿಯುವುದು. ಗುಂಡಿ ಕಾಲು ಝಾಡಿಸುವುದು, ಮುಷ್ಟಿ ಬಾಯಿಗಿಟ್ಟುಕೊಳ್ಳುವುದು, ಒಮ್ಮೊಮ್ಮೆ ಸುಮ್ಮನೆ ಮೇಲಿನ ಫ್ಯಾನ್ ನೋಡುವುದು. ನಾನು ಇಲ್ಲಿ ಕೂತು "ಅತ್ತಿ ನೋಡು, ಅತ್ತಿ" ಎಂದು ಕರೆಯುತ್ತಿದ್ದೆ. ಧಾರವಾಡವೇನು ಪರದೇಶವೇ? ಮನೆ ಮುಂದಿನ ರಸ್ತೆಯಲ್ಲಿ ಬಸ್ಸು ಹತ್ತಿದರೆ ಚಹಾ ಆರುವುದರೊಳಗೆ ಊರು ಬರುತ್ತದೆ. ಬಸ್ಸುಗಳು ಹೋಗುತ್ತಿದ್ದವು, ಬರುತ್ತಿದ್ದವು, ನಾನು ಕಿಟಕಿಯಲ್ಲಿ ನಿಂತು ಅವುಗಳ ಹೆಡ್‌ಲೈಟ್ ನೋಡುತ್ತಿದ್ದೆ.

ಬಸು ಕಾರ್ಖಾನೆ ಬಿಟ್ಟು ದಿನಾಲು ಕೂಸನ್ನು ನೋಡಿಯೇ ಮನೆಗೆ ಬರುತ್ತಿದ್ದ. ಬಂದವನು ನೇರ ಬಚ್ಚಲಿಗೆ. ಬಟ್ಟೆ ಬಿಚ್ಚಿ ಬಕೆಟ್ಟಿಗೆ ಹಾಕಿ, ಸ್ನಾನ ಮಾಡಿಯೇ ನನ್ನ ಮುಂದೆ ಬರಬೇಕು, ಅದು ಅವ್ವನ ಕಾಯಿದೆ. ಒಂದು ಸಂಜೆ ಅವನು ಅಂಗಿ ಬಿಚ್ಚುವ ಮೊದಲೇ ನಾನು ಎದುರಿಗೆ ಸಿಕ್ಕೆ. ಎಡ ಹೆಗಲ ಮೇಲೆ ಬಿಳಿಯ ಕಲೆ. ಕೂಸು ಹಾಲು ಕಕ್ಕಿತ್ತು.

"ಆ ಅಂಗಿ ಅಲ್ಲೇ ಇಡು" ಎಂದೆ.

"ಹೊಲಸಾಗೇತಿ ಅಕ್ಕಾ."

"ಇಡಂದ್ರ ಇಡೋ."

ಅವನು ಕುರ್ಚಿಯ ಬೆನ್ನಿಗೆ ಹಾಕಿ ಹೋದ. ನಾನು ಮಾಸ್ಕ್ ಸರಿಪಡಿಸಿಕೊಂಡು ಹತ್ತಿರ ಹೋಗಿ ನಿಂತೆ. ಮುಟ್ಟಲಿಲ್ಲ. ಮಾಸ್ಕಿನೊಳಗಿಂದಲೂ ಬಂತು ವಾಸನೆ. ಯಂತ್ರದ ಎಣ್ಣೆ, ಬೆವರು, ಅದರ ಕೆಳಗೆ ಹುಳಿಹುಳಿ ಹಾಲು, ಕೊಬ್ಬರಿ ಎಣ್ಣೆ, ಲೋಬಾನದ ಹೊಗೆ. ಎರೆದು, ಹೊಗೆ ಹಾಕಿ, ಒರೆಸಿ ಮಲಗಿಸಿದ ಕೂಸಿನ ವಾಸನೆ. ನನ್ನ ತೋಳುಗಳು ನೋಯತೊಡಗಿದವು, ಸುಳ್ಳಲ್ಲ, ಖರೇನೇ ನೋಯತೊಡಗಿದವು. ಇಷ್ಟು ರೋಗ ಕಂಡೆ, ಇಷ್ಟು ಸೂಜಿ ಕಂಡೆ. ಏನೂ ಹೊರದ ಕೈ ಹೀಗೆ ನೋಯುತ್ತದೆ ಎಂದು ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ.

ಅವ್ವ ಬಂದು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಸುಮ್ಮನೆ ಅಂಗಿಯನ್ನು ಕೋಲಿನಿಂದೆತ್ತಿ ಬಕೆಟ್ಟಿಗೆ ಹಾಕಿ, "ಕೈ ತೊಳಕೊ ಹೋಗು" ಎಂದಳು.

ದಿನಗಳು ಹಾಗೆ ಹೋದವು. ರಕ್ತ ಕೊಡುವುದು, ಅದನ್ನು ಬೇರೆ ಊರಿಗೆ ಕಳಿಸುವುದು, ಕಾಯುವುದು. ರಿಪೋರ್ಟಿನಲ್ಲಿ ವೈರಸ್ಸಿನ ಲೆಕ್ಕ ಸೊನ್ನೆಗಳ ಸಾಲಿನಲ್ಲಿ ಬರುತ್ತದೆ. ಮೊದಲು ಸೊನ್ನೆಗಳು ಇಳಿಯಲಿಲ್ಲ. ಗುಳಿಗೆ ಇನ್ನಷ್ಟು ತಗ್ಗಿಸಿದರು. ಆಮೇಲೆ ಒಂದು ಸಲ ಕ್ರಿಯಾಟಿನಿನ್ ಮತ್ತೆ ಏರಿತು. ಆಸ್ಪತ್ರೆಗೆ ಸೇರಿಸಿಕೊಂಡರು. ಮೈ ಕಿಡ್ನಿಯನ್ನು ಒದೆಯತೊಡಗಿದೆಯೋ, ವೈರಸ್ಸೇ ತಿನ್ನುತ್ತಿದೆಯೋ ತಿಳಿಯದ ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಚರ್ಮದ ಕೆಳಗೆ ಮುಷ್ಟಿಯಷ್ಟು ಗಟ್ಟಿಯಾಗಿ ಸಿಗುವ ಆ ಕಿಡ್ನಿಗೆ, ಇರೋ, ಹೋಗಬ್ಯಾಡೋ ಎಂದು ಹೇಳುತ್ತ ಮಲಗಿರುತ್ತಿದ್ದೆ. ಎರಡನೆಯ ಬಯಾಪ್ಸಿಯಲ್ಲಿ ಒದೆತ ಕಾಣಲಿಲ್ಲ. ವೈರಸ್ಸಿನ ಗಾಯವೇ ಎಂದರು. ಕಾಯೋಣ ಎಂದರು. ಮತ್ತೆ ಮನೆಗೆ ಬಂದೆ.

ಬಂದು ನೋಡಿದರೆ ಹೊಲಿದಿಟ್ಟ ಕುಂಚಿಗೆ ಗೇಣುದ್ದವೂ ಇಲ್ಲ. ವಿಡಿಯೋದಲ್ಲಿ ಗುಂಡಿ ಆಗಲೇ ಬೋರಲು ಬೀಳುತ್ತಿದ್ದಳು. ಹೊಲಿಗೆ ಬಿಚ್ಚಿದೆ, ಹೊಸ ರೇಷ್ಮೆಯ ಪಟ್ಟಿ ಸೇರಿಸಿದೆ. ತಲೆಯ ಅಳತೆ ಗೊತ್ತಿಲ್ಲ. ಬಸೂಗೆ ದಾರ ಕೊಟ್ಟು ಅಳೆದು ತಾ ಎಂದೆ. ಅವನು ತಂದ ದಾರವನ್ನು ನನ್ನ ಎರಡೂ ಕೈಯಲ್ಲಿ ಸುತ್ತು ಮಾಡಿ ಹಿಡಿದೆ. ಇಷ್ಟು ದೊಡ್ಡ ತಲೆ! ನಾನಿಲ್ಲದೆಯೇ ಇಷ್ಟು ಬೆಳೆದುಬಿಟ್ಟಿತು ಎಂದು ಸಂತೋಷವೂ ಆಯಿತು, ಸಂಕಟವೂ ಆಯಿತು.

ಸೊನ್ನೆಗಳು ಕಡೆಗೂ ಇಳಿಯತೊಡಗಿದವು. ನಿಧಾನ. ಒಂದು ರಿಪೋರ್ಟಿನಿಂದ ಇನ್ನೊಂದಕ್ಕೆ, ಬಸುರಿ ಮೆಟ್ಟಿಲಿಳಿಯುವ ಹಾಗೆ. ಕ್ರಿಯಾಟಿನಿನ್ ಮಾತ್ರ ಹಳೆಯ ಜಾಗಕ್ಕೆ ಮರಳಲಿಲ್ಲ, ಮರಳುವುದೂ ಇಲ್ಲವಂತೆ. ಕಿಡ್ನಿಯ ಸ್ವಲ್ಪ ಭಾಗ ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು. ಎಷ್ಟು ವರ್ಷ ಎಂದು ಕೇಳಿದೆ. "ಅದನ್ನ ನಾ ಹೇಳಿದ್ರ ಸುಳ್ಳಾಕ್ಕೈತ್ರಿ" ಎಂದರು.

ಆಮೇಲೆ ಹೆಸರಿಡುವ ಮಾತು ಎತ್ತಿದೆ. ಅವರು ಪೆನ್ನು ಆಡಿಸುತ್ತ ಷರತ್ತು ಹೇಳತೊಡಗಿದರು. ಬೆಳಿಗ್ಗೆ ಮಾಡಿ, ಹೊರಗಿನ ಗಾಳಿ ಆಡುವಲ್ಲಿ ಮಾಡಿ, ಮಂದಿ ಕಡಿಮೆ, ನೆಗಡಿಯವರು ಬೇಡ, ಕೂಸಿಗೆ ಇತ್ತೀಚೆಗೆ ಡ್ರಾಪ್ಸ್ ಹಾಕಿಸಿರಬಾರದು, ಮಾಸ್ಕ್ ತೆಗೆಯುವಂತಿಲ್ಲ. ಒಂದೊಂದಕ್ಕೂ ತಲೆಯಾಡಿಸಿದೆ. "ಹೋಗಿ ಬರ್ರಿ" ಎಂದರು.

ಧಾರವಾಡದ ಆ ಮನೆಯ ಅಂಗಳದಲ್ಲಿ, ಮಾವಿನ ಗಿಡದ ನೆರಳಿಗೆ, ತೊಟ್ಟಿಲು ಹಾಕಿದ್ದರು. ಮನೆಯ ಹೆಂಗಸರಷ್ಟೇ. ತಟ್ಟೆಯಲ್ಲಿ ಗುಗ್ಗರಿ, ಪಕ್ಕದಲ್ಲಿ ಆರತಿ. ರೇಣುಕಾಳ ತಾಯಿ ನನ್ನನ್ನು ನೋಡಿದ ಕೂಡಲೇ ದೂರದಿಂದಲೇ ಕೈಮುಗಿದು, "ಬರ್ರಿ ಗಿರಿಜಾ, ಸೊರಗೀರಿ" ಎಂದರು. ಕಣ್ಣಲ್ಲಿ ನೀರಿತ್ತು. ನಾನು ಕೈ ತೊಳೆದೆ, ಮತ್ತೊಮ್ಮೆ ತೊಳೆದೆ. ರೇಣುಕಾ ಒಳಗಿನಿಂದ ಗುಂಡಿಯನ್ನು ತಂದು, ಏನೂ ಹೇಳದೆ, ನನ್ನ ತೋಳಲ್ಲಿ ಇಟ್ಟಳು.

ಎಷ್ಟು ಭಾರ!

ವಿಡಿಯೋದಲ್ಲಿ ಭಾರ ಬರುವುದಿಲ್ಲ ನೋಡಿ. ಬಿಸಿಯೂ ಬರುವುದಿಲ್ಲ. ಅವಳು ನನ್ನ ಮಾಸ್ಕನ್ನೇ ದುರುಗುಟ್ಟಿ ನೋಡಿದಳು, ಆಮೇಲೆ ಅದನ್ನು ಕಿತ್ತುಕೊಳ್ಳಲು ಕೈ ಹಾಕಿದಳು. "ಬಿಡು ನಮ್ಮವ್ವಾ, ಡಾಕ್ಟರ್ ಬೈತಾರ" ಎಂದೆ. ನಕ್ಕಳು. ಹಲ್ಲಿಲ್ಲದ ಬಾಯಿ ಅಷ್ಟಗಲ.

ತೊಟ್ಟಿಲಲ್ಲಿ ಮಲಗಿಸಿದರು. ಸೋದರತ್ತೆ ಬಾಗಿ, ಕೂಸಿನ ಕಿವಿಗೆ ಬಾಯಿ ತಂದು, ಕುರ್ ಎಂದು ಹೆಸರು ಉಸುರಬೇಕು. ಬಾಗಿದೆ. ಮಾಸ್ಕ್ ಅವಳ ಕಿವಿಗೆ ತಾಗಿತು. "ಗಂಗಾ" ಎಂದೆ. ಬಟ್ಟೆಯೊಳಗಿಂದ ಹೊರಟ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಎಂದೆ, ಮತ್ತೊಮ್ಮೆ ಎಂದೆ.

ನಮ್ಮ ಕಡೆ ಆಗ ಒಂದು ಪದ್ಧತಿ. ಅತ್ತೆ ಹೆಸರು ಹೇಳುತ್ತ ಬಾಗಿರುವಾಗಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಸಿಕ್ಕಿದ್ದೇ ಸಮಯ ಎಂದು ಹಳೆಯ ಸಿಟ್ಟನ್ನೂ ತೀರಿಸಿಕೊಳ್ಳುತ್ತಾರೆ. ಚೀರಾಟ, ನಗು, ಅದಿಲ್ಲದೆ ಹೆಸರಿಟ್ಟ ಹಾಗೆಯೇ ಅಲ್ಲ. ಬೇರೆಯವರ ಮನೆಯ ತೊಟ್ಟಿಲುಗಳಲ್ಲಿ ನಾನೂ ಎಷ್ಟು ಬೆನ್ನು ಗುದ್ದಿದ್ದೇನೆ.

ಯಾರೂ ಗುದ್ದಲಿಲ್ಲ.

ಬಾಗಿಯೇ ಇದ್ದೆ. ಎಲ್ಲರೂ ಹೆದರಿದ್ದರು. ಆಪರೇಷನ್ ಆದ ಮೈ, ಮುಟ್ಟಿದರೆ ಏನಾಗುತ್ತದೋ. ಕಿಡ್ನಿ ಇರುವುದು ಮುಂದೆ, ಬೆನ್ನಲ್ಲಲ್ಲ ಎಂದು ಕೂಗಬೇಕೆನಿಸಿತು. ಯಾರೋ ಒಬ್ಬರು ಬೆರಳ ತುದಿಯಿಂದ ಹೆಗಲು ಸವರಿದರು, ಸತ್ತವರ ಮನೆಯಲ್ಲಿ ಸಮಾಧಾನ ಮಾಡುವ ಹಾಗೆ. ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನನ್ನನ್ನು ಎಲ್ಲರೂ ಮುಟ್ಟಿದ್ದು ಹೀಗೆಯೇ. ಒಮ್ಮೆ, ಒಂದೇ ಒಂದು ಸಲ, ಎಲ್ಲ ಅತ್ತೆಯಂದಿರ ಹಾಗೆ ನನಗೂ ಏಟು ಬೀಳಬಾರದೇ ಎಂದುಕೊಂಡೆ.

ಧಬ್ ಎಂದು ಬಿತ್ತು.

ಮುಷ್ಟಿ ಕಟ್ಟಿ ಹಾಕಿದ ಗುದ್ದು, ಎರಡೂ ಹೆಗಲೆಲುಬುಗಳ ನಡುವೆ. ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡೆ. "ಏ ರೇಣುಕಾ!" ಎಂದು ಅವಳ ತಾಯಿ ಚೀರಿದರು. ಇನ್ನೊಂದು ಬಿತ್ತು, ಮೊದಲಿನದಕ್ಕಿಂತ ಜೋರು.

"ನನ್ನ ಮಗಳನ್ನ ಇಷ್ಟ ದಿನಾ ಕಾಯಿಸಿದ್ರಲ್ಲ ಅಕ್ಕಾರ" ಎಂದಳು ರೇಣುಕಾ. ದನಿ ನಡುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ತಿರುಗಿ ನೋಡಲಿಲ್ಲ. ಆಮೇಲೆ ಎಲ್ಲರ ಕೈಯೂ ಬಂತು. ಅವ್ವನದೂ ಬಂತು, ಅವಳ ಬಳೆ ತಾಗಿದ್ದರಿಂದ ಗೊತ್ತಾಯಿತು. ನಾನು ಅತ್ತುಬಿಟ್ಟೆ, ಮಾಸ್ಕ್ ಪೂರ್ತಿ ತೊಯ್ದು ಮೂಗಿಗಂಟಿತು.

ಎದ್ದು ನಿಂತಾಗ ರೇಣುಕಾ ಹೊಸ ಮಾಸ್ಕ್ ಹಿಡಿದು ನಿಂತಿದ್ದಳು. ಬದಲಿಸಿಕೊಂಡೆ. ಅವಳು ನನ್ನ ಮುಖ ನೋಡಿ, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ ಅಂದಳು:

"ಎರಡನೇ ಕೂಸಿಗೆ ಹೆಸರಿಡಾಕೂ ನೀವs ಬರಬೇಕ್ರಿ."

"ಬರ್ತೇನಿ" ಎಂದೆ.

ಡಾಕ್ಟರನ್ನು ಕೇಳದೆಯೇ ಮಾತು ಕೊಟ್ಟೆ.